ಟವರ್‌ಗೆ ಮೊದಲ ಸೈನು ಮೇಷ್ಟ್ರದ್ದು

"ಆಕ್ಷೇಪಣೆ ಕೊಡ್ಬೇಕಿತ್ತು," ಅಂದೆ.

"ಯಾವುದಕ್ಕೆ ಸರ್?" ಕೇಳಿದರು ಪುರಸಭೆಯ ಕ್ಲರ್ಕ್.

"ನಮ್ಮ ಬೀದಿಲಿ ನಾಗರಾಜಪ್ಪನ ತಾರಸಿ ಮೇಲೆ ಮೊಬೈಲ್ ಟವರ್ ಹಾಕ್ತಾರಂತಲ್ಲ, ಅದಕ್ಕೆ."

ಆಕೆ ಫೈಲ್ ತೆಗೆದು ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. 'ಟವರ್ ಹಾಕಲು ನಮ್ಮದೇನೂ ಅಭ್ಯಂತರವಿಲ್ಲ' ಅಂತ ಟೈಪ್ ಮಾಡಿಸಿದ ಒಪ್ಪಿಗೆ ಪತ್ರ. ಕೆಳಗೆ ಹನ್ನೆರಡು ಮನೆಯವರ ಸೈನು. ಎಲ್ಲಕ್ಕಿಂತ ಮೇಲೆ ನನ್ನದು. ಪಕ್ಕದಲ್ಲಿ ಒಂದು ತುಪ್ಪದ ಕಲೆ.

"ಇದು ನೀವೇ ತಾನೇ ಸರ್?"

ನಾನೇ. ನನ್ನದಲ್ಲ ಅನ್ನೋಣ ಅಂದರೆ ಆ ತುಪ್ಪ ಬಿಡಬೇಕಲ್ಲ!

ತುಪ್ಪದ ಕಥೆ ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ನಾಗರಾಜಪ್ಪನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿಸಿ ಹೊರಡುವಾಗ ಬಾಗಿಲ ಹತ್ತಿರ ಎಲೆ-ಅಡಿಕೆ ತಟ್ಟೆ, ಪಕ್ಕದಲ್ಲಿ ಒಂದು ಹಾಳೆ, ಪೆನ್ನು. "ಮೇಷ್ಟ್ರೇ, ನೀವೇ ಮೊದ್ಲು ಒಂದು ಸೈನ್ ಹಾಕಿಬಿಡ್ರಿ" ಅಂದರು ನಾಗರಾಜಪ್ಪ. ನಮ್ಮ ಬೀದಿಯ ರೂಢಿಯೇ ಅದು. ನಲ್ಲಿಗಾಗಲಿ, ಚರಂಡಿಗಾಗಲಿ, ಮೊದಲ ಸೈನು ನನ್ನದು. ಕೈಯಲ್ಲಿ ಬಿಸಿ ಸಜ್ಜಿಗೆ ಪ್ರಸಾದ ಇತ್ತು. ಪ್ರಸಾದ ಕೊಟ್ಟವರ ಮುಂದೆ ನಿಂತು ಕಾಗದ ಓದುತ್ತಾರೇನ್ರಿ? ಬೀದಿ ದೀಪದ್ದೋ ಏನೋ ಅಂದುಕೊಂಡೆ. ಹಾಕಿದೆ.

(ನಾನು ಮೂವತ್ತು ವರ್ಷ ಶಿಕಾರಿಪುರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. "ಪ್ರಶ್ನೆ ಪೂರ್ತಿ ಓದಿ, ಆಮೇಲೆ ಉತ್ತರ ಬರೀರಿ" ಅಂತ ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ, ಲೆಕ್ಕ ಇಟ್ಟಿಲ್ಲ.)

ಇಷ್ಟಕ್ಕೂ ಪುರಸಭೆಗೆ ನನ್ನನ್ನು ಓಡಿಸಿದ್ದು ಗಿರಿಜಕ್ಕ. ನಾಗರಾಜಪ್ಪನ ಪಕ್ಕದ ಮನೆಯವರು, ಟೈಲರ್. ಆ ಎರಡೂ ಮನೆ ಮೊದಲು ಒಂದೇ ಆಗಿತ್ತು. ಹಿಸ್ಸೆ ಆದಮೇಲೆ ನಡುವೆ ಉಳಿದದ್ದು ಒಂದೇ ಗೋಡೆ. ಆ ಗೋಡೆಗೆ ಒರಗಿಸಿಯೇ ಗಿರಿಜಕ್ಕ ಹೊಲಿಗೆ ಮೆಷಿನ್ ಇಟ್ಟಿದ್ದಾರೆ. ಟವರಿನ ಕಬ್ಬಿಣದ ಕಾಲು ಕೂರುವುದೂ ಅದೇ ಗೋಡೆಯ ತಲೆಯ ಮೇಲೆ.

ಹಿಂದಿನ ದಿನ ಸೆರಗಿನಲ್ಲಿ ಗಾರೆ ಚೂರು ಕಟ್ಟಿಕೊಂಡು ಬಂದಿದ್ದರು. "ನೋಡ್ರಿ ಮೇಷ್ಟ್ರೇ, ಬರೀ ಗುರುತು ಮಾಡಾಕೆ ಸುತ್ತಿಗೆ ಬಡಿದಿದ್ದಕ್ಕೆ ಇಷ್ಟು ಉದುರೈತಿ. ಯಾರದೋ ಮದುವೆ ಬ್ಲೌಸ್ ಮೇಲೇ ಬಿತ್ತು. ನಾಳೆ ಟವರ್ರೇ ಕೂತ್ರೆ ಗೋಡೆ ಉಳಿತೈತೇನ್ರಿ? ನಾನು ಮೆಷಿನ್ ಎಲ್ಲಿಟ್ಕೊಳ್ಳಲಿ?"

ನನಗೆ ಸಿಟ್ಟು ಬಂತು. ವೀರಾವೇಶದಿಂದ ಹೋದೆ. ಹೋಗಿ ತುಪ್ಪದ ಕಲೆ ನೋಡಿಕೊಂಡು ಬಂದೆ.

ಆ ಹಾಳೆಯಲ್ಲಿ ಗಿರಿಜಕ್ಕನ ಸೈನೂ ಇತ್ತು. "ಅಲ್ಲ ಗಿರಿಜಕ್ಕ, ನೀವ್ಯಾಕೆ ಹಾಕಿದ್ರಿ?" ಅಂತ ಕೇಳಿದೆ.

"ಮೇಲೆ ನಿಮ್ಮದಿತ್ತಲ್ಲ ಮೇಷ್ಟ್ರೇ," ಅಂದರು. ಅಷ್ಟೇ. ನನಗೆ ನಾಚಿಕೆಯಾಯಿತು. ನಾಗರಾಜಪ್ಪನನ್ನು ಬೈಯೋಣ ಅಂದರೆ ಅವರು, "ನಾನೇನು ಮುಚ್ಚಿಟ್ನಾ? ಕಾಗದ ನಿಮ್ಮ ಕಣ್ಣೆದುರೇ ಇತ್ತು" ಅಂದರು. ಅದೂ ನಿಜವೇ.

ನಾನು ಟವರ್ ವಿರೋಧಿಯಲ್ಲ, ತಿಳಿದಿರಲಿ. ನನ್ನ ತಂಗಿ ಇರುವುದು ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿ ಹತ್ತಿರದ ಹಳ್ಳಿ. ಅಲ್ಲಿ ಸಿಗ್ನಲ್ಲೇ ಇಲ್ಲ. ರೇಷನ್ ಅಂಗಡಿಯವರು ಬೆರಳು ಒತ್ತಿಸುವ ಮೆಷಿನ್ ಹಿಡಿದು ಕೆರೆ ಏರಿ ಮೇಲೆ ನಿಲ್ಲುತ್ತಾರೆ, ಊರವರೆಲ್ಲ ಚೀಲ ಹಿಡಿದು ಅಲ್ಲೇ ಕ್ಯೂ. 'ಟವರ್ ಬೇಕು' ಅಂತ ಅವರಿಗೊಂದು ಮನವಿ ಬರೆದುಕೊಟ್ಟವನೂ ನಾನೇ. ಅತ್ತ ಬೇಕು, ಇತ್ತ ಬೇಡ! ರೇಡಿಯೇಷನ್ ವಿಷಯ ನನಗೆ ಗೊತ್ತಿಲ್ಲ, ತಿಳಿದವರು ಹೇಳಲಿ. ನನ್ನ ತಕರಾರು ಗೋಡೆಯದು ಮಾತ್ರ. ಮನೆಗಳ ನಡುವೆ ಟವರ್ ಹಾಕುವಾಗ ಕೆಳಗಿನ ಗೋಡೆ ತಡೆಯುತ್ತದಾ ಅಂತ ಯಾರಾದರೂ ನೋಡಬೇಕಲ್ಲವೇ?

ಕ್ಲರ್ಕ್ ಒಂದು ದಾರಿ ಹೇಳಿದ್ದರು. "ಇನ್ನೂ ಪರ್ಮಿಷನ್ ಕೊಟ್ಟಿಲ್ಲ ಸರ್. ಒಪ್ಪಿಗೆ ವಾಪಸ್ ತಗೋತೀವಿ ಅಂತ ಎಲ್ಲರೂ ಬರೆದುಕೊಡಿ."

ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಗೆ ಹೋದೆ. ತಂಗಿಯ ಊರಿನ ಮನವಿ ಅಲ್ಲಿನ ಹುಡುಗಿಯ ಕಂಪ್ಯೂಟರಿನಲ್ಲೇ ಇತ್ತು. "ಅದನ್ನೇ ತೆಗೆದು ಊರು, ಹೆಸರು ಬದಲಾಯಿಸಮ್ಮ. ಬೇಕು ಅನ್ನೋ ಕಡೆ ಬೇಡ, ಒಪ್ಪಿಗೆ ವಾಪಸ್ ಅಂತ ಹಾಕು" ಅಂದೆ. ಐದೇ ನಿಮಿಷದಲ್ಲಿ ಪ್ರಿಂಟ್ ಬಂತು. ಅಲ್ಲೇ ನಿಂತು ಸೈನ್ ಮಾಡಿದೆ.

ಆಮೇಲೆ ಮನೆ ಮನೆ ಸುತ್ತಿದೆ. ಯಾರೂ ಓದಲಿಲ್ಲ. "ನೀವು ಹಾಕಿದೀರಲ್ಲ ಮೇಷ್ಟ್ರೇ, ಸಾಕು." ಒಬ್ಬರು ಬೈಕ್ ಆಫ್ ಕೂಡ ಮಾಡದೆ, ಪೆಟ್ರೋಲ್ ಟ್ಯಾಂಕ್ ಮೇಲೆ ಹಾಳೆ ಇಟ್ಟು ಗೀಚಿದರು. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಖುಷಿಯಾಯಿತು. (ನಾಗರಾಜಪ್ಪನ ಮನೆಗೆ ಹೋಗಲಿಲ್ಲ. ಹೋಗಿದ್ದರೆ ಅವರೂ ಹಾಕುತ್ತಿದ್ದರೋ ಏನೋ!)

ಕೊನೆಗೆ ಗಿರಿಜಕ್ಕ. ಮೆಷಿನ್ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡರು. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ನಾನು ಹತ್ತು ನಿಮಿಷ ನಿಂತೇ ಇದ್ದೆ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

"ಮೇಷ್ಟ್ರೇ, ಇದ್ನ ನೀವು ಓದಿದ್ರಾ?"

'ಆದ್ದರಿಂದ ತಾವು ಆದಷ್ಟು ಬೇಗ ಟವರ್ ಮಂಜೂರು ಮಾಡಿ ನಮ್ಮ ಕಷ್ಟ ಪರಿಹರಿಸಬೇಕಾಗಿ ವಿನಂತಿ.'

ಅಯ್ಯೋ ದೇವರೇ! ತಂಗಿಯ ಊರಿನ ಸಾಲು ಹಾಗೇ ಉಳಿದುಬಿಟ್ಟಿತ್ತು. ಅದಕ್ಕೆ ಹನ್ನೊಂದು ಮನೆಯವರು, ನನ್ನನ್ನೂ ಸೇರಿಸಿ, ಸೈನ್ ಹಾಕಿದ್ದೆವು.

ಗಿರಿಜಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು ತಾವೇ ನಾಲ್ಕು ಸಾಲು ಬರೆದರು. ಕೆಳಗೆ ತಮ್ಮ ಸೈನು ಹಾಕಿ ನನ್ನ ಮುಂದೆ ಇಟ್ಟರು. ನಾನು ಪೆನ್ನಿಗೆ ಕೈ ಚಾಚಿದೆ. ಕೊಡಲಿಲ್ಲ.

"ಮೊದ್ಲು ಜೋರಾಗಿ ಓದ್ರಿ. ಆಮ್ಯಾಲೆ ಪೆನ್ನು."

ನೆಟ್ಟಗೆ ನಿಂತು ಓದಿದೆ: "ಟವರ್ ಕೂರುವ ಗೋಡೆ ಹಳೆಯದು. ತಿಳಿಯದೆ ಕೊಟ್ಟ ಒಪ್ಪಿಗೆ ವಾಪಸ್ ಪಡೆಯುತ್ತೇವೆ. ಮೊದಲು ಗೋಡೆ ನೋಡಿ, ತಡೆಯುತ್ತದೆ ಅಂತ ಬರೆದುಕೊಡಿ. ಆಮೇಲೆ ಟವರ್ ಮಾತು."

ನಾನು ಸೈನ್ ಹಾಕಿ, ಉಳಿದ ಹತ್ತು ಮನೆಯವರಿಗೂ ಹೀಗೇ ಜೋರಾಗಿ ಓದಿ ಹೇಳಿ ಹಾಕಿಸಿದೆ. ಆ ಹಾಳೆ ಈಗ ಪುರಸಭೆ ಫೈಲಿನಲ್ಲಿದೆ. ಇಂಜಿನಿಯರ್ ಬಂದು ಗೋಡೆ ನೋಡುತ್ತಾರಂತೆ. ಅಲ್ಲಿಯವರೆಗೆ ಸುತ್ತಿಗೆ ಬಂದ್. ಗಿರಿಜಕ್ಕನ ಮೆಷಿನ್ ಇದ್ದಲ್ಲೇ ಇದೆ.

ನಿಮ್ಮ ಬೀದಿಯಲ್ಲಿ ಮೊದಲ ಸೈನು ಹಾಕುವವರು ಯಾರು? ಅವರು ಓದುತ್ತಾರಾ?