ಕೂತವರು ‘ಹೂಂ’ ಅನ್ನುವವರೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜೆಟ್ಟಿಯ ತುದಿಯಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು, ತಂತಿ ಬ್ರಷ್ಷಿನಿಂದ ದೋಣಿಗೆ ಇಳಿಯುವ ಹಲಗೆಯ ಪಾಚಿ ಕೆರೆಯುತ್ತಿದ್ದಾರೆ. ಕೆರೆದು ಸುಮ್ಮನಾಗುವುದಿಲ್ಲ. ಚಪ್ಪಲಿ ಕಳಚಿ, ಬರಿಗಾಲಲ್ಲಿ ಹಲಗೆಗೆ ಇಳಿದು, ಹಿಮ್ಮಡಿ ಒತ್ತಿ ನೋಡುತ್ತಾರೆ. ಜಾರಿತು. ಮತ್ತೆ ಕೆರೆತ. ಕೆಳಗೆ ದೋಣಿ ಏರುತ್ತಿದೆ, ಇಳಿಯುತ್ತಿದೆ. ಅದರ ಪಕ್ಕಕ್ಕೆ ಕಟ್ಟಿದ ಹಳೆಯ ಟೈರುಗಳು ಜೆಟ್ಟಿಯ ಗೋಡೆಗೆ ಉಜ್ಜಿ ಕಿರುಗುಟ್ಟುತ್ತಿವೆ.

“ನೀರಿನ ಮುಖ ಸರಿಯಿಲ್ಲ ಇವತ್ತು,” ಎನ್ನುತ್ತಾರೆ ತಲೆ ಎತ್ತದೆ. “ಯಾರ ಮೇಲೋ ಸಿಟ್ಟು ಇಟ್ಕೊಂಡು ಎದ್ದಿದೆ.”

ಎಲ್ಲರ ಬಾಯಲ್ಲೂ ಇವರು ಹಲಗೆ ಅಕ್ಕ. ಸಂಬಳ ಬರುವುದು ಜೆಟ್ಟಿ ಗುಡಿಸುವುದಕ್ಕೆ, ಶೌಚಾಲಯ ತೊಳೆಯುವುದಕ್ಕೆ. ಗಾಲಿಕುರ್ಚಿಯವರನ್ನು, ಊರುಗೋಲಿನವರನ್ನು, ಕಾಲು ಎತ್ತಿಡಲಾಗದ ಮುದುಕರನ್ನು ದೋಣಿಗೆ ಹತ್ತಿಸಿ ಇಳಿಸುವ ಕೆಲಸ ಯಾರದೂ ಅಲ್ಲ. ಯಾರದೂ ಅಲ್ಲದ್ದು ಇವರ ಪಾಲಿಗೆ ಬಂದಿದೆ. ಇದು ನಡುಗಡ್ಡೆ. ಆಸ್ಪತ್ರೆ, ಬ್ಯಾಂಕು, ಕಾಲೇಜು, ನೌಕರಿ ಎಲ್ಲವೂ ನೀರಿನ ಆಚೆ. ಗಾಲಿಕುರ್ಚಿಗಳು ದಿನಕ್ಕೆ ನಾಲ್ಕೈದು ಬರುತ್ತವೆ, ಸೋಮವಾರ ಇನ್ನೂ ಹೆಚ್ಚು. ಊರುಗೋಲಿನವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈ ಕೆಲಸಕ್ಕೆ ಅಕ್ಕ ಕೈ ಹಾಕಿದ್ದು ಅತ್ತೆಯಿಂದಾಗಿ. ಪಾರ್ಶ್ವವಾಯು ಬಡಿದ ಅತ್ತೆಯನ್ನು ಆಗಿನ ಹಮಾಲರು ಬೆನ್ನ ಮೇಲೆ ಹೊತ್ತು ದೋಣಿಗೆ ಇಳಿಸಿದ್ದರು. ಸೀರೆ ಮೊಣಕಾಲಿನ ಮೇಲೆ ಸರಿದಿತ್ತು. ದೋಣಿಯಲ್ಲಿ ಯಾರೋ ಹಲ್ಲು ಕಿರಿದರು. “ಆಸ್ಪತ್ರೆಯಿಂದ ಬಂದವರು ಮತ್ತೆ ಹೊಸಿಲು ದಾಟಲಿಲ್ಲ. ಮಾತ್ರೆ ಮುಗಿದ್ರೂ ‘ನಾ ಮೂಟೆಯಲ್ಲ’ ಅಂದ್ಬಿಟ್ರು. ಸಾಯೋವರೆಗೂ ಮನೇಲೇ,” ಎನ್ನುವಾಗ ಅಕ್ಕನ ದನಿಯಲ್ಲಿ ಅಳುವಿಲ್ಲ. ಸಿಟ್ಟಿದೆ, ಅದು ಇನ್ನೂ ಬಿಸಿಯಾಗಿದೆ.

ಅಲ್ಲಿಂದ ಅವರು ಒಂದು ರೂಢಿ ಮಾಡಿಕೊಂಡಿದ್ದಾರೆ. ನೀರಿಳಿದಾಗ ಹಲಗೆ ಕಡಿದಾಗುತ್ತದೆ. ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ಕೆಳಗಡೆ ಅಕ್ಕ ಕುರ್ಚಿಗೆ ಎದೆ ಕೊಟ್ಟು ಒಂದೊಂದೇ ಹೆಜ್ಜೆ ಹಿಂದಿಡುತ್ತಾರೆ, ಮೇಲಿನಿಂದ ಇನ್ನೊಬ್ಬರು ಹಗ್ಗ ಸಡಿಲಿಸುತ್ತಾರೆ. ಕೂತವರ ಮುಖ ಅಕ್ಕನಿಗೆ ಕಾಣುವುದಿಲ್ಲ. ಆದ್ದರಿಂದ ಕೂತವರು ಬಾಯಿಬಿಟ್ಟು ‘ಹೂಂ’ ಅನ್ನುವವರೆಗೆ ಕುರ್ಚಿ ಕದಲುವುದಿಲ್ಲ, ನಡುವೆ ನಿಂತರೆ ಮತ್ತೊಂದು ‘ಹೂಂ’ ಬೇಕು. ಹಿಂದೆ ನಿಂತ ಜನ ಎಷ್ಟೇ ಗೊಣಗಲಿ. ಕಳೆದ ಮಳೆಗಾಲದಲ್ಲಿ ಮಗನೊಬ್ಬ ಅವಸರಕ್ಕೆ ಬಿದ್ದು, ಅಪ್ಪ ‘ಹೂಂ’ ಅನ್ನುವ ಮೊದಲೇ ಹಗ್ಗ ಬಿಟ್ಟ. ಮುದುಕರ ಸೊಂಟದ ಮೂಳೆ ಮುರಿಯಿತು. ವಿಚಾರಣೆ ನಡೆದದ್ದು ದೋಣಿ ಚಾಲಕನ ಮೇಲೆ. ಆಮೇಲೆ ಬಂದರಿನ ಕಚೇರಿ ಕೈ ತೊಳೆದುಕೊಂಡು ಹೇಳಿತು: ಗಾಲಿಕುರ್ಚಿ ಹತ್ತಿಸುವುದು ಬಿಡುವುದು ಚಾಲಕನ ಇಷ್ಟ.

ಇವತ್ತಿನ ಮೊದಲ ದೋಣಿಗೆ ಅಂಥದೊಂದು ಕುರ್ಚಿ ಬಂದಿದೆ. ಅದರಲ್ಲಿ ಫೋನ್ ರಿಪೇರಿ ಕಲಿತ ಹುಡುಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾಳೆ, ತೊಡೆಯ ಮೇಲೆ ಊಟದ ಡಬ್ಬಿ. ಆಚೆ ದಡದ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಇವತ್ತು ಮೊದಲ ದಿನ. ಹೊತ್ತಿಗೆ ಸರಿಯಾಗಿ ಬರದಿದ್ದರೆ ಬರುವುದೇ ಬೇಡ ಎಂದಿದ್ದಾನೆ ಮಾಲೀಕ. ಹಿಂದೆ ಅಪ್ಪ ನಿಂತಿದ್ದಾರೆ.

ಚಾಲಕ ದೋಣಿಯಿಂದಲೇ ಕೈ ಅಲ್ಲಾಡಿಸುತ್ತಾನೆ. “ಅಕ್ಕಾ, ಆ ಕುರ್ಚಿ ಇವತ್ತು ಬೇಡ. ಅಲೆ ನೋಡು.”

“ನೋಡ್ತಾನೇ ಇದೀನಿ. ನೀನು ಅವಳನ್ನ ನೋಡು.”

“ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ, ಅದಕ್ಕೇ ನೋಡ್ತಿಲ್ಲ. ಬಿದ್ರೆ ಉತ್ತರ ಕೊಡೋನು ನಾನು. ಹೋದ ಸಲ ಎರಡು ತಿಂಗಳು ಮನೇಲಿ ಕೂತಿದ್ದೆ, ನನ್ನ ಹೆಂಡತಿನ ಕೇಳು.”

“ನಾನೇ ಎತ್ಕೊಂಡು ಇಳಿತೀನಿ ಬಿಡಣ್ಣಾ,” ಎಂದು ಅಪ್ಪ ಬಗ್ಗುತ್ತಾರೆ.

“ಕೆಲಸಕ್ಕೆ ಹೋಗೋಳನ್ನ ಕಂಕುಳಲ್ಲಿ ಇಟ್ಕೊಂಡು ಹೋಗ್ತೀಯಾ ಅಪ್ಪಾ?” ಹುಡುಗಿ ಅಪ್ಪನ ಕೈ ಸರಿಸುತ್ತಾಳೆ. “ಇವತ್ತು ಎತ್ಕೋತೀಯ. ನಾಳೆ? ದಿನಾ?”

ಅಪ್ಪ ನೆಟ್ಟಗಾಗುತ್ತಾರೆ. ಚಾಲಕ ಎಂಜಿನ್ನಿನ ಕಡೆ ತಿರುಗಿಕೊಳ್ಳುತ್ತಾನೆ. ಅಕ್ಕ ಬೇಡುವುದಿಲ್ಲ, ಕೂಗಾಡುವುದೂ ಇಲ್ಲ. ನೀರನ್ನೇ ನೋಡುತ್ತಾ ಹೇಳುತ್ತಾರೆ: “ದೊಡ್ಡ ಅಲೆಗಳು ಬಂದು ಹೋದ ಮೇಲೆ ಒಂದು ಗಳಿಗೆ ನೀರು ಸುಮ್ಮನಿರುತ್ತೆ, ನಿಂಗೂ ಗೊತ್ತು. ಅಷ್ಟರಲ್ಲಿ ಇಳಿಸ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ವಾಪಸ್ ಕಳಿಸ್ತೀನಿ.”

“ಒಂದೇ ಸಲ,” ಎನ್ನುತ್ತಾನೆ ಚಾಲಕ. “ಏನಾದ್ರೂ ಎಡವಟ್ಟಾದ್ರೆ ಈ ಕುರ್ಚಿ ಮತ್ತೆ ನನ್ನ ದೋಣಿಗೆ ಬರಂಗಿಲ್ಲ.”

ಅಕ್ಕ ಹಲಗೆಗೆ ಮರಳು ಎರಚುತ್ತಾರೆ. ಕುರ್ಚಿಯ ಚೌಕಟ್ಟಿಗೆ ಹಗ್ಗ ಕಟ್ಟಿ, ತುದಿಯನ್ನು ಜೆಟ್ಟಿಯ ಕಂಬಕ್ಕೆ ಸುತ್ತಿ ಅಪ್ಪನ ಕೈಗೆ ಕೊಡುತ್ತಾರೆ. ತಾವು ಕೆಳಗಡೆ ನಿಲ್ಲುತ್ತಾರೆ. ದೊಡ್ಡದೊಂದು ಅಲೆ ಬಂದು ದೋಣಿಯನ್ನು ಎತ್ತಿ ಬಿಸಾಕುತ್ತದೆ. ಇನ್ನೊಂದು. ಆಮೇಲೆ ನೀರು ತಗ್ಗುತ್ತದೆ.

“ಹೂಂ,” ಎನ್ನುತ್ತಾಳೆ ಹುಡುಗಿ.

ಕುರ್ಚಿ ಇಳಿಯತೊಡಗುತ್ತದೆ. ಹಲಗೆಯ ನಡುಮಧ್ಯಕ್ಕೆ ಬಂದಾಗ ಎಲ್ಲಿಂದಲೋ ತಡವಾಗಿ ಬಂದ ಅಲೆಯೊಂದು ದೋಣಿಯ ಅಂಚನ್ನು ಮೇಲೆತ್ತುತ್ತದೆ. ಹಲಗೆ ಅದುರುತ್ತದೆ. ಹುಡುಗಿ ಹೆದರಿ ಎರಡೂ ಬ್ರೇಕು ಎಳೆದುಬಿಡುತ್ತಾಳೆ.

ಎಲ್ಲರೂ ಮಾಡುವ ತಪ್ಪು ಇದೇ. ನೆಲದ ಮೇಲೆ ಬ್ರೇಕು ಕಾಪಾಡುತ್ತದೆ. ಒದ್ದೆ ಹಲಗೆಯ ಮೇಲೆ ಚಕ್ರ ಕಚ್ಚಿಕೊಂಡರೆ ಕುರ್ಚಿ ಉರುಳುವುದಿಲ್ಲ, ಇಡಿಯಾಗಿ ಪಕ್ಕಕ್ಕೆ ಜಾರುತ್ತದೆ. ಈಗಲೂ ಜಾರುತ್ತಿದೆ. ಒಂದು ಚಕ್ರ ಹಲಗೆಯ ಅಂಚಿಗೆ ಬಂದಿದೆ. ಕೆಳಗೆ ಗೋಡೆಗೂ ದೋಣಿಗೂ ನಡುವೆ ನೀರು ಬಾಯಿ ತೆರೆದು ಮುಚ್ಚುತ್ತಿದೆ.

“ಬ್ರೇಕ್ ಬಿಡಮ್ಮಾ!” ಎಂದು ದೋಣಿ ತುಂಬ ಕೂಗು. ಚಾಲಕ ಹುಡುಗಿಯನ್ನು ಎತ್ತಿಕೊಳ್ಳಲು ಹಲಗೆಗೆ ಕಾಲಿಡುತ್ತಾನೆ. ಅಪ್ಪ ಹಗ್ಗ ಬಿಟ್ಟು ಓಡಿಬರಲು ಹೊರಟಿದ್ದಾರೆ.

“ಯಾರೂ ಹಲಗೆ ಮೇಲೆ ಬರಬೇಡಿ! ಹಗ್ಗ ಹಿಡ್ಕೊಳ್ರಪ್ಪಾ!” ಅಕ್ಕ ಚೀರುತ್ತಾರೆ. ಇನ್ನೊಬ್ಬರ ಭಾರ ಬಿದ್ದರೆ ಹಲಗೆಯೇ ಹೊರಳೀತು. ಜಾರುವ ಚಕ್ರಕ್ಕೆ ಮೊಣಕಾಲು ಅಡ್ಡ ಕೊಟ್ಟು, ಭುಜವನ್ನು ಕುರ್ಚಿಯ ಬೆನ್ನಿಗೆ ಒತ್ತಿ ನಿಲ್ಲುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ.

“ಡಬ್ಬೀಲಿ ಏನು ತಂದಿದೀಯೇ?”

“ಆಂ?”

“ಊಟಕ್ಕೇನು?”

“ಅನ್ನ... ಅಮ್ಮ ಕಟ್ಟಿದ್ದು.”

“ಚೆಲ್ಲಿದ್ರೆ ಅಮ್ಮ ನನ್ನ ಸಿಗಿದು ಹಾಕ್ತಾಳೆ. ನೋಡು, ನೀನು ಹೇಳೋವರೆಗೂ ನಾನು ಅಲ್ಲಾಡಲ್ಲ. ಅಲೆ ಇಳೀತಾ ಇದೆ. ಒಂದು ಕೈ ಆಮೇಲೆ ಇನ್ನೊಂದು ಬೇಡ, ಎರಡೂ ಬ್ರೇಕು ಒಟ್ಟಿಗೇ ಬಿಡಬೇಕು. ಯಾವಾಗ ಅಂತ ನೀನೇ ಹೇಳು.”

ಅಲೆ ಇಳಿಯುತ್ತದೆ. ಅಕ್ಕನ ಮೊಣಕಾಲಿನಿಂದ ರಕ್ತ ಇಳಿದು ಮರಳಿಗೆ ಸೇರುತ್ತಿದೆ. ಹುಡುಗಿಯ ಕೈ ಇನ್ನೂ ಬ್ರೇಕಿನ ಮೇಲೇ ಇದೆ. ಅಕ್ಕ ಕಾಯುತ್ತಾರೆ.

“ಹೂಂ.”

ಬ್ರೇಕು ಬಿಟ್ಟ ಸದ್ದು ಎರಡೂ ಕಡೆಯಿಂದ ಒಟ್ಟಿಗೇ ಬರುತ್ತದೆ. ಅಕ್ಕ ಚಕ್ರವನ್ನು ಮೊಣಕಾಲಿನಿಂದಲೇ ಒಳಕ್ಕೆ ತಳ್ಳುತ್ತಾರೆ, ಅಪ್ಪ ಹಗ್ಗ ಸಡಿಲಿಸುತ್ತಾರೆ. ಕುರ್ಚಿ ದೋಣಿಯೊಳಗೆ ದಡಕ್ಕನೆ ಇಳಿಯುತ್ತದೆ. ಚಾಲಕ ಯಾರ ಮುಖವನ್ನೂ ನೋಡದೆ ಎಂಜಿನ್ ಶುರು ಮಾಡುತ್ತಾನೆ. ಇನ್ನು ಮುಂದೆ ಹತ್ತಿಸುತ್ತೇನೆ ಅನ್ನುವುದಿಲ್ಲ, ಹತ್ತಿಸುವುದಿಲ್ಲ ಅಂತಲೂ ಅನ್ನುವುದಿಲ್ಲ.

ಆ ದಿನವಿಡೀ ಅಕ್ಕ ಕುಂಟುತ್ತಲೇ ಜೆಟ್ಟಿ ಗುಡಿಸುತ್ತಾರೆ. ಔಷಧಿ ಹಚ್ಚಿಸಿಕೊಳ್ಳಿ ಎಂದರೆ, “ಆಸ್ಪತ್ರೆ ಆಚೆ ದಡದಲ್ಲಿದೆ. ನನ್ನನ್ನ ದೋಣಿಗೆ ಇಳಿಸೋರು ಯಾರು?” ಎಂದು ನಗುತ್ತಾರೆ. ನಗು ಬೇಗ ಆರುತ್ತದೆ. ಕಣ್ಣು ಆಗಾಗ ನೀರಿನ ಕಡೆ ಹೋಗುತ್ತದೆ. ಚಾಲಕ ನಾಳೆ ಬೇಡವೆಂದರೆ ಹುಡುಗಿಯ ನೌಕರಿ ಒಂದೇ ದಿನದ್ದು. ಅವಳೊಬ್ಬಳದೇ ಅಲ್ಲ, ನಾಳೆ ಬರುವ ನಾಲ್ಕೈದು ಕುರ್ಚಿಗಳ ಕಥೆಯೂ ಅಷ್ಟೇ.

ಸಂಜೆ ನೀರು ತುಂಬಿದೆ, ಹಲಗೆ ಹೆಚ್ಚುಕಡಿಮೆ ಸಮತಟ್ಟು. ಹುಡುಗಿ ಸುಲಭವಾಗಿ ಮೇಲೆ ಬರುತ್ತಾಳೆ. ಬೆರಳ ತುದಿಗಳು ಕಪ್ಪಾಗಿವೆ, ಮುಖ ಸುಸ್ತಾಗಿದೆ. ಅಂಗಡಿಯ ಮೇಜು ಎತ್ತರವಾಯಿತೆಂದು ಜೆಟ್ಟಿಯಲ್ಲಿ ಕಾದಿದ್ದ ಅಪ್ಪನಿಗೆ ದೂರುತ್ತಾ ಸ್ವಲ್ಪ ದೂರ ಹೋದವಳು ಚಾಲಕನ ಕಡೆಗೆ ಕುರ್ಚಿ ತಿರುಗಿಸುತ್ತಾಳೆ.

“ಅಣ್ಣಾ, ನಾಳೆ ಒಂದ್ ಐದು ನಿಮಿಷ ಲೇಟಾದ್ರೆ ಕಾಯ್ತೀರಾ?”

ಅಕ್ಕನ ಪೊರಕೆ ನಿಲ್ಲುತ್ತದೆ. ಚಾಲಕ ಹಗ್ಗ ಸುತ್ತುವುದನ್ನು ಬಿಡುವುದಿಲ್ಲ.

“ಐದು ನಿಮಿಷಾನಾ? ನಿಮ್ಮಪ್ಪ ಕೊಡಿಸಿದ ದೋಣಿನಾ ಇದು? ಯಾರಿಗೂ ಕಾಯಲ್ಲ. ಬೇಗ ಎದ್ದು ಬಾ.”

ಹುಡುಗಿ ಗೊಣಗುತ್ತಾ ಹೊರಟುಹೋಗುತ್ತಾಳೆ. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ, ತಿರುಗಿಯೂ ನೋಡಲಿಲ್ಲ. ಬೇಸರವಾಯಿತೇ ಎಂದು ಕೇಳಿದರೆ ಅಕ್ಕ ಕೇಳಿದವರನ್ನೇ ವಿಚಿತ್ರವಾಗಿ ನೋಡುತ್ತಾರೆ.

“ಬೇಸರ ಯಾಕೆ? ‘ಬೇಗ ಎದ್ದು ಬಾ’ ಅಂದ್ನಲ್ಲ, ಕೇಳಿಸ್ಕೊಳ್ಳಲಿಲ್ವಾ? ಎಲ್ಲರ ಹಾಗೇ ಬೈಸ್ಕೊಂಡು ಹೋದ್ಳು.”