ನನ್ನ ಹೆಸರಿನಲ್ಲಿ ಬಡಿದ ಹೃದಯ

ದೇಶವನ್ನು ನಡೆಸುವವರ ಆರೋಗ್ಯದ ಬಗ್ಗೆ ಸತ್ಯ ತಿಳಿಯುವುದು ಪ್ರಜೆಗಳ ಹಕ್ಕು ಎಂದು ಬಲ್ಲವರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆ ಸತ್ಯ ನನಗೆ ತಿಳಿದದ್ದು ಮಧುಗಿರಿಯಲ್ಲಿ, ಒಂದು ದಿನ ಬೆಳಿಗ್ಗೆ ಹನ್ನೊಂದೂಕಾಲಿಗೆ. ತಿಳಿದ ತಕ್ಷಣ ಹಕ್ಕಿನ ಅರಿವೇನೂ ಆಗಲಿಲ್ಲ, ಬಾತ್‌ರೂಮಿಗೆ ಹೋಗಬೇಕೆನ್ನಿಸಿತು.

ನಾನು ಇಸಿಜಿ ತೆಗೆಯುವವನು. ಬಹುಕಾಲ ಶಿರಾದಲ್ಲಿ ಸರ್ಕಾರಿ ಕೆಲಸ ಮಾಡಿ, ನಿವೃತ್ತನಾದ ಮೇಲೆ ಮಧುಗಿರಿಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿದ್ದೆ. ಹತ್ತು ಮಂಚ, ಒಬ್ಬ ಡಾಕ್ಟರು, ಪಾವಗಡದ ಕಡೆಯ ಒಬ್ಬ ಆಯಾ, ಒಂದು ಇಸಿಜಿ ಯಂತ್ರ. ಡಾಕ್ಟರೇ ಮಾಲೀಕರು. ಅವರ ರಾಜ್ಯದಲ್ಲಿ ಸಂವಿಧಾನಕ್ಕೆ ಸಮನಾದ ಎರಡು ನಿಯಮಗಳಿದ್ದವು. ಹೆಸರು ಬರೆಯದೆ ಇಸಿಜಿ ತೆಗೆಯಬಾರದು. ಪ್ರತಿ ಇಸಿಜಿಯದೂ ಎರಡು ಪ್ರತಿ ತೆಗೆದು, ಒಂದನ್ನು ರೋಗಿಗೆ ಕೊಟ್ಟು ಇನ್ನೊಂದನ್ನು ರಿಜಿಸ್ಟರಿಗೆ ಅಂಟಿಸಬೇಕು. ಹಿಂದೊಮ್ಮೆ ಇಬ್ಬರ ಇಸಿಜಿ ಪಟ್ಟಿಗಳು ಅದಲುಬದಲಾಗಿ, ನೆಟ್ಟಗಿದ್ದವನು ಡ್ರಿಪ್ ಹಾಕಿಸಿಕೊಂಡು ಮಲಗಿ, ಕಾಯಿಲೆಯವನು ಹೊಲಕ್ಕೆ ಹೋಗಿದ್ದನಂತೆ. ಅಂದಿನಿಂದ ಡಾಕ್ಟರು ಹೊರಗಿನಿಂದ ಬಂದರೆ ಕೈ ತೊಳೆಯುವ ಮೊದಲು ರಿಜಿಸ್ಟರ್ ನೋಡುತ್ತಿದ್ದರು. ಇವೆರಡರ ಜೊತೆಗೆ ನನ್ನ ಕಸುಬಿನದೇ ಒಂದು ಹಳೆಯ ನಿಯಮವಿತ್ತು. ಗೆರೆ ತೆಗೆಯುವವನು ಗೆರೆಯ ಅರ್ಥ ಹೇಳಬಾರದು. ಅದು ಡಾಕ್ಟರ ಕೆಲಸ. ಇದನ್ನು ನಾನು ಒಮ್ಮೆಯೂ ಮುರಿದವನಲ್ಲ. ಮುರಿಯುವ ಧೈರ್ಯವೂ ಇರಲಿಲ್ಲ ಎಂದರೆ ಲೆಕ್ಕ ಸರಿಹೋಗುತ್ತದೆ.

ಆ ದಿನ ಡಾಕ್ಟರು ಬೆಳಗಿನ ರೋಗಿಗಳನ್ನು ನೋಡಿ ಮುಗಿಸಿ, ಹತ್ತು ಗಂಟೆಗೆ ಹೊಳವನಹಳ್ಳಿಯಲ್ಲಿ ಯಾರದೋ ನಾಮಕರಣಕ್ಕೆ ಹೋದರು. ಅವರ ಕಾರು ಮರೆಯಾದ ಒಂದು ಗಂಟೆಗೆ ನಮ್ಮ ಬಾಗಿಲ ಮುಂದೆ ಒಂದರ ಹಿಂದೊಂದು ಬಿಳಿ ಕಾರುಗಳು ಬಂದು ನಿಂತವು. ಇಳಿದವರು ದೆಹಲಿಯಲ್ಲಿ ಬಹಳ ದೊಡ್ಡ ಸ್ಥಾನದಲ್ಲಿದ್ದ ರಾಷ್ಟ್ರನಾಯಕರು. ಹೆಸರು ಬೇಡ, ಊಹಿಸುವ ತೊಂದರೆಯನ್ನೂ ತೆಗೆದುಕೊಳ್ಳಬೇಡಿ. ಪಾವಗಡದ ಸಭೆ ಮುಗಿಸಿ ಶಿರಾದ ಸಭೆಗೆ ಹೊರಟಿದ್ದವರಿಗೆ ದಾರಿಯಲ್ಲಿ ಎದೆ ಹಿಡಿದಂತಾಗಿತ್ತು. ಅವರ ಜೊತೆಗೇ ಇರುವ ದೆಹಲಿಯ ವೈದ್ಯರು ಆಂಬುಲೆನ್ಸಿನಲ್ಲೇ ಇಸಿಜಿ ತೆಗೆದಿದ್ದರು. ಆದರೆ ಅವರ ಯಂತ್ರದ ಮೇಲೆ ಅವರಿಗೇ ನಂಬಿಕೆ ಬಂದಿರಲಿಲ್ಲ. ಬೇರೆ ಯಂತ್ರದಲ್ಲಿ ಒಮ್ಮೆ ನೋಡಬೇಕಾಗಿತ್ತು, ಅಷ್ಟೇ.

ನಾಯಕರು ಮಂಚದ ಮೇಲೆ ಮಲಗಿ, ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಟ್ರೇಯಲ್ಲಿಟ್ಟೆ. ಎದೆಗೆ ಜೆಲ್ಲಿ ಹಚ್ಚುವಾಗ ಒಂದಿಷ್ಟು ರಾಷ್ಟ್ರದ ಹೊಟ್ಟೆಯ ಮೇಲೂ ಬಿತ್ತು. ಹೆಸರು ಹಾಕದೆ ನಮ್ಮ ಯಂತ್ರ ಮುಂದಕ್ಕೆ ಹೋಗುವುದಿಲ್ಲವೆಂದು ವೈದ್ಯರಿಗೆ ತಿಳಿಸಿದೆ. ಇವರ ಹೆಸರು ಎಲ್ಲೂ ಬರಕೂಡದು, ಯಾವುದಾದರೊಂದು ಹಾಕಿ ಎಂದರು. ಸುಳ್ಳು ಹೆಸರು ಬರೆದು ಅಭ್ಯಾಸವಿಲ್ಲ. ಬೇರೊಬ್ಬ ರೋಗಿಯ ಹೆಸರು ಹಾಕುವುದು ಪಾಪ. ಹೀಗೆ ಧರ್ಮಸೂಕ್ಷ್ಮವನ್ನೆಲ್ಲ ಎರಡು ಸೆಕೆಂಡಿನಲ್ಲಿ ಪರಾಮರ್ಶಿಸಿ, ನನ್ನ ಹೆಸರನ್ನೇ ಹಾಕಿದೆ. ವಯಸ್ಸೂ ಹೆಚ್ಚುಕಡಿಮೆ ಒಂದೇ.

ಪಟ್ಟಿ ಹೊರಬಂತು. ಸಮನಾಗಿ ಓಡಬೇಕಾದ ಕಡೆ ಗೆರೆ ಕೆಳಕ್ಕೆ ಜೋತುಬಿದ್ದಿತ್ತು, ಒಂದು ಕಡೆಯಲ್ಲ, ನಾಲ್ಕೈದು ಕಡೆ. ಅಂಥ ಗೆರೆ ಬಂದಾಗ ನಮ್ಮ ಡಾಕ್ಟರು ರೋಗಿಯನ್ನು ಬಾಗಿಲವರೆಗೂ ನಡೆಯಲು ಬಿಡುತ್ತಿರಲಿಲ್ಲ. ದೆಹಲಿಯ ವೈದ್ಯರು ಪಟ್ಟಿಯನ್ನು ದೀರ್ಘವಾಗಿ ನೋಡಿ, ಮಡಚಿ ಜೇಬಿಗಿಟ್ಟುಕೊಂಡು, ನಾಯಕರ ಕಡೆ ತಿರುಗಿ ಗ್ಯಾಸ್ ಎಂದರು.

ನಾಯಕರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನನ್ನ ಮುಖ ನೋಡಿದರು. ಏನು ಬಂತು ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಹಿಂದಿ ಎಂದರೆ ಶಿರಾದ ಬಸ್ ಸ್ಟ್ಯಾಂಡಿನಲ್ಲಿ ಕಲಿತ ಉರ್ದು. "ಡಾಕ್ಟರ್ ಸಾಬ್ ಬೋಲೇಂಗೆ" ಎಂದೆ. ಡಾಕ್ಟರು ಹೇಳುತ್ತಾರೆ. ಅವರು ತಲೆಯಾಡಿಸಿ ಎದ್ದು ಹೋದರು. ವೈದ್ಯರು ಹೊರಡುವಾಗ, ಇಲ್ಲಿಗೆ ಯಾರೂ ಬಂದಿರಲಿಲ್ಲ ಎಂದು ನನಗೆ ತಿಳಿಸಿದರು. ಬಂದಿರಲಿಲ್ಲ ಎಂದು ನಾನೂ ಮಾತು ಕೊಟ್ಟೆ. ಕಾರುಗಳು ತಿರುಗುತ್ತಿರುವಾಗ ಯಂತ್ರ ತನ್ನ ಪಾಡಿಗೆ ಎರಡನೇ ಪ್ರತಿಯನ್ನು ಹೊರಹಾಕಿತು. ಎಷ್ಟೋ ವರ್ಷಗಳ ಅಭ್ಯಾಸದ ಕೈ, ನನ್ನನ್ನು ಕೇಳದೆಯೇ ಅದನ್ನು ರಿಜಿಸ್ಟರಿಗೆ ಅಂಟಿಸಿಬಿಟ್ಟಿತು.

ಆಮೇಲೆ ನೋಡಿದರೆ ಟ್ರೇಯಲ್ಲಿ ಗಡಿಯಾರ ಉಳಿದಿತ್ತು.

ನಾನು ಸ್ಟೂಲಿನ ಮೇಲೆ ಕುಳಿತೆ. ಸಭೆ ನಾಲ್ಕು ಗಂಟೆಗೆ. ಆ ಮನುಷ್ಯ ಬಿಸಿಲಲ್ಲಿ ಮೆಟ್ಟಿಲು ಹತ್ತುತ್ತಾರೆ, ಕೈಯೆತ್ತಿ ಕೂಗುತ್ತಾರೆ, ಅಲ್ಲೇ ಬೀಳುತ್ತಾರೆ. ಬಿದ್ದರೆ ಅವರು ಕೊನೆಯದಾಗಿ ನಿಜ ಕೇಳಿದ್ದು ನನ್ನನ್ನು. ಹೇಳಿದರೆ ಆ ಬಿಳಿ ಕಾರುಗಳು ಮತ್ತೆ ಬರುತ್ತವೆ, ಈ ಸಲ ನನಗಾಗಿ. ಕಾಯುವ ಹಾಲಿನ ಟೀವಿಯಲ್ಲಿ ನಾಯಕರು ಲವಲವಿಕೆಯಿಂದ ಪ್ರವಾಸ ಮುಂದುವರಿಸಿದ್ದಾರೆ ಎಂದು ಹೇಳುತ್ತಿದ್ದರು. ಗಡಿಯಾರ ನನ್ನ ಪಕ್ಕದಲ್ಲಿ ನಡೆಯುತ್ತಲೇ ಇತ್ತು.

ಒಂದು ಗಂಟೆಗೆ ಡಾಕ್ಟರು ಹೋಳಿಗೆಯ ಪೊಟ್ಟಣ ಹಿಡಿದು ಬಂದರು. ರಿಜಿಸ್ಟರ್ ತೆರೆದರು. ಪೊಟ್ಟಣ ಕೆಳಗಿಟ್ಟರು.

"ರೀ, ಅಲ್ಲಾಡ್ಬೇಡಿ. ಎಷ್ಟೊತ್ತಿಂದ ನೋವು?"

ನೋವಿಲ್ಲ ಎಂದೆ. ನನ್ನಂಥ ಸಕ್ಕರೆ ಕಾಯಿಲೆಯವರಿಗೆ ನೋವು ಗೊತ್ತಾಗುವುದಿಲ್ಲ ಎಂದು ಅವರೇ ಸಮಾಧಾನ ಹೇಳಿಕೊಂಡು, ನನ್ನ ಬಾಯಿಗೆ ಮಾತ್ರೆ ಹಾಕಿ "ಅಗೀರಿ" ಎಂದರು. ಅಗಿದೆ. ನಾಯಕರು ಮಲಗಿದ್ದ ಮಂಚದ ಮೇಲೆಯೇ ನನ್ನನ್ನು ಮಲಗಿಸಿದರು. ಆಯಾ ತಲೆಯ ಮೇಲೆ ಕೈಹೊತ್ತು ನಿಂತಳು.

"ಅಯ್ಯೋ ದೇವುಡಾ, ಬೆಳಿಗ್ಗೆ ನೆಟ್ಟಗೇ ಇದ್ರಲ್ಲಾ ಅಣ್ಣ. ಚಿತ್ರಾನ್ನ ತಿಂದ್ರಿ, ನಂದೂ ಒಸಿ ತಿಂದ್ರಿ."

ಮಾತು ಕೊಟ್ಟಿದ್ದರಿಂದ ಸುಮ್ಮನೆ ಮಲಗಿದ್ದೆ. ಮಲಗಿದ ಐದು ನಿಮಿಷಕ್ಕೆ ನನಗೂ ಎಡಗಡೆ ಸ್ವಲ್ಪ ನೋಯತೊಡಗಿತು. ಇನ್ನೊಬ್ಬರ ಕಾಯಿಲೆಯನ್ನು ನಮ್ಮ ಹೆಸರಿಗೆ ಬರೆಸಿಕೊಂಡರೆ ಇಷ್ಟಾದರೂ ಆಗಬೇಕಲ್ಲ.

ಡಾಕ್ಟರು ತಾವೇ ಇನ್ನೊಮ್ಮೆ ಇಸಿಜಿ ತೆಗೆದರು. ಗೆರೆ ಮಧುಗಿರಿಯಿಂದ ಹೊರಡುವ ಯಾವ ಬಸ್ಸಿಗೂ ಇಲ್ಲದ ಶಿಸ್ತಿನಿಂದ ಬಂತು. ಅದನ್ನು ನೋಡಿ ಅವರು ಸಂತೋಷಪಡಲಿಲ್ಲ, ಬೆವರಿದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ರಿಜಿಸ್ಟರಿನಲ್ಲಿದ್ದದ್ದು ನನ್ನದಲ್ಲವಾದರೆ ಪಟ್ಟಿಗಳು ಮತ್ತೆ ಅದಲುಬದಲಾಗಿವೆ. ಬೆಳಿಗ್ಗೆ ಎದೆಯುರಿ ಎಂದು ಬಂದಿದ್ದವಳು ಬಡವನಹಳ್ಳಿಯ ಒಬ್ಬ ಅಜ್ಜಿ. ಅವಳದೆಂದು ತಾವು ನೋಡಿ ಅವಳನ್ನು ಮನೆಗೆ ಕಳಿಸಿದ ಪಟ್ಟಿ ನನ್ನದು; ಈ ಜೋತುಬಿದ್ದದ್ದು ಅಜ್ಜಿಯದು. ಅಜ್ಜಿಯನ್ನು ಎಲ್ಲಿದ್ದಾಳೋ ಅಲ್ಲೇ ಮಲಗಿಸಲು ಹೇಳು ಎಂದು ಆಯಾಳಿಗೆ ಫೋನು ಕೊಟ್ಟರು.

"ಅಲೋ, ಅಜ್ಜಿನ ನಡೆಸ್ಬ್ಯಾಡ್ರಂತೆ ಕಣಮ್ಮ. ಹೆಂಗೈತೋ ಅಂಗೇ ಮಲಗಿಸ್ಬುಡಿ. ಎದೆ ಕೆಟ್ಟೋಗೈತಂತೆ. ಅಳಬ್ಯಾಡ ಕಣಮ್ಮ, ಅಳಬ್ಯಾಡ."

ಫೋನಿನ ಆ ಕಡೆಯ ಅಳು ಮಂಚದವರೆಗೂ ಕೇಳಿಸಿತು. ನಾನು ಎದ್ದು ಕುಳಿತೆ.

"ಅದು ಅಜ್ಜಿದಲ್ಲ ಸಾರ್."

ಎಲ್ಲವನ್ನೂ ಹೇಳಿದೆ. ಡಾಕ್ಟರು ಟ್ರೇಯಲ್ಲಿದ್ದ ಗಡಿಯಾರವನ್ನು ನೋಡುತ್ತಾ ಕೇಳಿದರು.

"ಆತನಿಗೆ ಗೊತ್ತಾ?"

"ಕೇಳಿದ್ರು ಸಾರ್. ಡಾಕ್ಟ್ರು ಹೇಳ್ತಾರೆ ಅಂದೆ."

"ಯಾವ ಡಾಕ್ಟ್ರು?"

ಟೀವಿಯವರಿಗೆ ತಿಳಿಸಿದರೆ ಸಭೆಯಾದರೂ ನಿಲ್ಲುತ್ತದಲ್ಲವೇ ಎಂದು ಮೆಲ್ಲಗೆ ಸೂಚಿಸಿದೆ. ಡಾಕ್ಟರು ಗದರಿದರು. ಊರಿಗೆ ಹೇಳುವುದು ಬಿಡುವುದು ಆ ಮನುಷ್ಯನ ಇಷ್ಟ. ಆದರೆ ಇಷ್ಟಪಡುವುದಕ್ಕೆ ಮೊದಲು ಆತನಿಗೆ ಗೊತ್ತಿರಬೇಕು ಎಂದರು. ನರ್ಸಿಂಗ್ ಹೋಮಿನ ಪರವಾನಗಿ ಗೋಡೆಯ ಮೇಲೆ, ಅವರ ತಲೆಯ ಹಿಂದೆಯೇ ತೂಗುತ್ತಿತ್ತು.

ಅಷ್ಟರಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಫೋನು ಬಂತು. ಯಾರೂ ಬಂದಿರದ ನಮ್ಮ ಆಸ್ಪತ್ರೆಯಲ್ಲಿ ಯಾರದಾದರೂ ಗಡಿಯಾರ ಉಳಿದಿದೆಯೇ ಎಂದು ವಿಚಾರಿಸಿದರು. ಇದ್ದರೆ ಶಿರಾದ ಐಬಿಗೆ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆಗೆ, ತಲುಪಿಸಬೇಕು. ಸಾಹೇಬರು ಅಲ್ಲಿ ಊಟ ಮಾಡಿ ವಿಶ್ರಮಿಸುತ್ತಿದ್ದಾರೆ. ಡಾಕ್ಟರು ರಿಜಿಸ್ಟರಿನಿಂದ ಪಟ್ಟಿಯನ್ನು ಹುಷಾರಾಗಿ ಕಿತ್ತು, ಹಿಂಬದಿಯಲ್ಲಿ ಗೆರೆಯ ಅರ್ಥವನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿ, ಕೆಳಗೆ ತಮ್ಮ ನೋಂದಣಿ ಸಂಖ್ಯೆಯನ್ನೂ ಬರೆದರು. ಗಡಿಯಾರದ ಕವರಿನಲ್ಲಿ ಅದನ್ನಿಟ್ಟು ನನ್ನ ಕೈಗೆ ಕೊಟ್ಟು, ಕಾರು ತೆಗೆದರು.

ದಾರಿಯಲ್ಲಿ ಬಡವನಹಳ್ಳಿಯಲ್ಲಿ ಎರಡು ನಿಮಿಷ ನಿಲ್ಲಿಸಬೇಕಾಯಿತು. ಅಜ್ಜಿ ಜಗಲಿಯ ಮೇಲೆ ಅಂಗಾತ ಮಲಗಿದ್ದಳು. ಸುತ್ತ ಅರ್ಧ ಊರು. ತಪ್ಪಾಯಿತು, ಏಳಬಹುದು ಎಂದರು ಡಾಕ್ಟರು. ಅಜ್ಜಿ ಏಳಲಿಲ್ಲ.

"ಮಲಗು ಅಂದ್ರೆ ಮಲಗ್ಬೇಕು, ಏಳು ಅಂದ್ರೆ ಏಳ್ಬೇಕು, ನಾನೇನ್ ಬಾಗ್ಲಾ? ನನ್ನೆದೆ ಏನಂತೈತೆ, ಅದ್ನ ಹೇಳಪ್ಪ ಮೊದ್ಲು."

"ಏನೂ ಇಲ್ಲ ಅಜ್ಜಿ. ಗ್ಯಾಸು. ದೇವರಾಣೆ."

"ಇಂಗೆ ಹೇಳು ಮತ್ತೆ," ಎಂದು ಎದ್ದು ಒಳಗೆ ಹೋದಳು.

ಬಡವನಹಳ್ಳಿಯ ಅಜ್ಜಿಗೆ ಒಂದು ನಿಮಿಷದಲ್ಲಿ ಸಿಕ್ಕಿದ ಉತ್ತರ, ದೇಶವೇ ಸುತ್ತ ನಿಂತಿದ್ದ ಮನುಷ್ಯನಿಗೆ ಸಿಕ್ಕಿರಲಿಲ್ಲ.

ಐಬಿಯ ಗೇಟಿನಲ್ಲಿ ನಮ್ಮಿಬ್ಬರನ್ನೂ ತಡವಿ ನೋಡಿದರು. ಕವರಿನೊಳಗಿನ ಪಟ್ಟಿಯನ್ನು ಬಿಚ್ಚಿದ ಪೇದೆ, ಮೇಲೆ ನನ್ನ ಹೆಸರಿರುವುದನ್ನು ಕಂಡು, ನಿಮ್ಮದೇ ರಿಪೋರ್ಟೋ ಎಂದ. ಹೌದೆಂದೆ. ಹುಷಾರು ಸಾರ್ ಎಂದು ಒಳಗೆ ಬಿಟ್ಟ. ವರಾಂಡದ ಬಾಗಿಲಲ್ಲಿ ದೆಹಲಿಯ ವೈದ್ಯರು ನಿಂತಿದ್ದರು. ಗಡಿಯಾರಕ್ಕೆ ಕೈ ಚಾಚಿದರು. ನಮ್ಮ ಡಾಕ್ಟರು ಮುಂದೆ ಹೋಗಿ ಅವರ ಬಳಿ ತಗ್ಗಿದ ದನಿಯಲ್ಲಿ ಮಾತಾಡಿದರು. ದೆಹಲಿಯ ವೈದ್ಯರು ಕೆಟ್ಟ ಮನುಷ್ಯರೇನಲ್ಲ; ಸಭೆ ಮುಗಿಯಲಿ, ಆಮೇಲೆ ಬೆಂಗಳೂರಿಗೆ ಕರೆದೊಯ್ದು ಎಲ್ಲ ಹೇಳುತ್ತೇನೆ, ಈಗ ಸುದ್ದಿಯಾದರೆ ಏನೇನು ಉರುಳುತ್ತದೋ ನಿಮಗೆ ತಿಳಿಯದು ಎಂದರು. ಅವರ ಮುಖದಲ್ಲೂ ನಮ್ಮ ಮುಖದಲ್ಲಿದ್ದದ್ದೇ ಇತ್ತು, ಭಯ.

ಒಳಗೆ ಕುರ್ಚಿಯಲ್ಲಿ ಕುಳಿತಿದ್ದ ನಾಯಕರು ನನ್ನನ್ನು ಗುರುತಿಸಿ ಕೈಬೀಸಿ ಕರೆದರು. ಎಡಗೈ ಮುಂದೆ ಚಾಚಿದರು. ನಾನು ಬಗ್ಗಿ ಗಡಿಯಾರ ಕಟ್ಟತೊಡಗಿದೆ. ಆ ಕೈ ತಣ್ಣಗೆ, ಬೆವರಿ ಜಾರುತ್ತಿತ್ತು. ಅವರು ಬೆಳಿಗ್ಗೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು, ಇನ್ನೂ ಮೆಲ್ಲಗೆ.

"ಠೀಕ್ ನಹೀ ಹೈ ಸಾಬ್," ಎಂದೆ. ಸರಿಯಿಲ್ಲ.

ಕವರಿನಿಂದ ಪಟ್ಟಿ ತೆಗೆದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಮೇಲಿದ್ದ ಹೆಸರು ಯಾರದೆಂದು ಕೇಳಿದರು. ನಾಮ್ ಮೇರಾ ಸಾಬ್, ದಿಲ್ ಆಪ್ಕಾ ಎಂದೆ. ಹೆಸರು ನನ್ನದು, ಹೃದಯ ನಿಮ್ಮದು. ಹೇಳಿದ ಮೇಲೆ ಅದು ಯಾವುದೋ ಸಿನಿಮಾ ಹಾಡಿನಂತೆ ನನಗೇ ಕೇಳಿಸಿತು. ಯಾರೂ ನಗಲಿಲ್ಲ. ನಾಯಕರು ಪಟ್ಟಿ ತಿರುಗಿಸಿ ಡಾಕ್ಟರ ನಾಲ್ಕು ಸಾಲು ಓದಿದರು. ಬಾಗಿಲಲ್ಲಿದ್ದ ತಮ್ಮ ವೈದ್ಯರ ಕಡೆ ನೋಡಿದರು. ನಮ್ಮನ್ನು ಹೊರಗೆ ಕಳಿಸಿದರು.

ಗೇಟಿನಲ್ಲಿ ಅಧಿಕಾರಿಯೊಬ್ಬರು ನನ್ನ ಹೆಸರು, ತಂದೆಯ ಹೆಸರು, ವಿಳಾಸ, ಫೋನ್ ನಂಬರು ಬರೆದುಕೊಂಡರು. ಏಕೆಂದು ಹೇಳಲಿಲ್ಲ. ಎಷ್ಟೋ ದಿನ ಬೀದಿಯಲ್ಲಿ ಬಿಳಿ ಕಾರು ಕಂಡರೆ ನಾನು ಹತ್ತಿರದ ಅಂಗಡಿಗೆ ನುಗ್ಗಿ ಬೇಡದ ಸೋಪು ಕೊಳ್ಳುತ್ತಿದ್ದೆ. ಮನೆಯಲ್ಲಿ ಸೋಪು ಬಹಳವಾಯಿತು, ಯಾರೂ ಬರಲಿಲ್ಲ. ಡಾಕ್ಟರು ರಿಜಿಸ್ಟರಿನ ಆ ಪುಟದಲ್ಲಿ ನನ್ನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು, ನಿಜವಾದ ಹೆಸರು ಬರೆದು, ತಿದ್ದುಪಡಿಗೆ ನನ್ನಿಂದಲೂ ಸಹಿ ಹಾಕಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾಯಕರು ತಮ್ಮ ಹೃದಯದ ವಿಷಯವನ್ನು ಮುಂದೊಂದು ದಿನ ತಾವೇ ಸಾರ್ವಜನಿಕವಾಗಿ ಹೇಳಿಕೊಂಡರು. ಅದಕ್ಕೇ ಈಗ ಇದನ್ನು ಬರೆಯುತ್ತಿದ್ದೇನೆ.

ಶಿರಾದ ಸಭೆ ನಾಲ್ಕೂವರೆಗೆ ನಡೆಯಿತು. ಭಾಷಣವನ್ನು ಬೇರೆಯವರು ಓದಿದರು. ತುರ್ತು ಕೆಲಸದ ನಿಮಿತ್ತ ನಾಯಕರು ತೆರಳಿದ್ದಾರೆ ಎಂದು ಪ್ರಕಟಣೆಯಾಯಿತು. ಆ ಸಂಜೆ ಬೆಂಗಳೂರಿನಲ್ಲಿ ಅವರಿಗೆ ಎರಡು ಸ್ಟೆಂಟ್ ಹಾಕಿದರು.