ಅಘನಾಶಿನಿಯಲ್ಲಿ ಕಿತ್ತ ಕೋಲು

ಭಟ್ಕಳದಲ್ಲಿ ಬಸ್ಸಿಳಿದಾಗ ಬೆಳಗಿನ ಆರೂಕಾಲು. ಹಾವೇರಿಯಿಂದ ಕುಳಿತೇ ಬಂದಿದ್ದರಿಂದ ನಡಿಗೆ ಶುರುವಾಗುವ ಮೊದಲೇ ಮೊಣಕಾಲು ಬಿಗಿದಿತ್ತು. ಜೊತೆಗಿದ್ದವರು ಅಕ್ಕನ ಗಂಡ, ನಮ್ಮ ಭಾವ. ಹೈಸ್ಕೂಲಿನಲ್ಲಿ ಆಟದ ಮಾಸ್ತರರಾಗಿದ್ದು ನಿವೃತ್ತರಾದವರು. ನಾನು ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದವನು. ಜನವರಿಯ ತಂಪಿನಲ್ಲಿ ಕಡಲ ದಂಡೆ ಹಿಡಿದು ಗೋಕರ್ಣದವರೆಗೆ ಐದು ದಿನ ನಡೆಯಬೇಕು, ರಾತ್ರಿ ಡೇರೆಯಲ್ಲಿ ಮಲಗಬೇಕು ಎಂದು ಹೊರಟಿದ್ದೆವು.

ತಂಪು ಇದ್ದದ್ದು ಒಂಬತ್ತು ಗಂಟೆಯವರೆಗೆ ಮಾತ್ರ. ಆಮೇಲೆ ಮರಳು ಕಾದು, ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಜಾರುತ್ತಿತ್ತು. ಮೊದಲ ದಿನ ಮುರ್ಡೇಶ್ವರ ಮುಟ್ಟುವಷ್ಟರಲ್ಲಿ ಚೀಲದ ಪಟ್ಟಿ ಹೆಗಲನ್ನು ಕೆಂಪು ಮಾಡಿತ್ತು. ಎರಡನೆಯ ದಿನ ಹೆದ್ದಾರಿಯ ಅಂಚಿನಲ್ಲಿ ನಡೆದು ಸಾಕಾಗಿ, ಉಳಿದ ದಾರಿಯನ್ನು ಬಸ್ಸಿನಲ್ಲಿ ಮುಗಿಸಿ ಕಾಸರಕೋಡಿನಲ್ಲಿ ಇಳಿದೆವು. ಅಲ್ಲಿ ಮೀನು ಹರಡಿದ ಅಂಗಳದ ಪಕ್ಕ ಕಿತ್ತಳೆ ಬಣ್ಣದ ಡೇರೆ ಬಿಚ್ಚುತ್ತಿದ್ದಾಗ ಕಾಗೆ ಓಡಿಸುತ್ತಿದ್ದ ಹೆಂಗಸೊಬ್ಬಳು ಕೇಳಿದಳು, “ಎಂತ, ನೀವೂ ಒಣಗ್ಲಿಕ್ಕೆ ಬಂದದ್ದಾ?” ಭಾವ ತಮ್ಮ ತೋಳು ನೋಡಿಕೊಂಡು, “ಒಣಗಿ ಆತವ್ವ, ಇನ್ನ ತುಂಬೋದೊಂದ ಬಾಕಿ” ಎಂದರು. ಆ ಸಂಜೆಯ ಗಾಳಿಗೆ ಡೇರೆಯ ಎರಡು ಕೋಲುಗಳಲ್ಲಿ ಒಂದು ಸೀಳಿತು. ಭಾವ ಅದಕ್ಕೆ ಹಿಮ್ಮಡಿಗೆ ಹಚ್ಚುವ ಪಟ್ಟಿ ಸುತ್ತಿದರು.

ಮೂರನೆಯ ದಿನ ಶರಾವತಿಯ ಸೇತುವೆ ದಾಟಿ, ಹೊನ್ನಾವರದಲ್ಲಿ ಬನ್ಸ್ ತಿಂದು, ಧಾರೇಶ್ವರದ ದಂಡೆಯಲ್ಲಿ ಉಳಿದೆವು. ಸುತ್ತಿದ ಪಟ್ಟಿ ಆ ರಾತ್ರಿಯೂ ತಡೆಯಿತು. ನಾಲ್ಕನೆಯ ದಿನ ಕುಮಟಾದಿಂದ ಮುಂದಿನ ಹತ್ತು ಕಿಲೋಮೀಟರನ್ನು ಡಾಂಬರಿನ ಮೇಲೆ, ಭಾವನ ಬೊಬ್ಬೆಯೆದ್ದ ಪಾದಕ್ಕಾಗಿ ನಿಂತು ನಿಂತು ನಡೆದೆವು. ಅಘನಾಶಿನಿ ಊರಿಗೆ ಬಂದಾಗ ಐದು ಗಂಟೆ. ಕಡಲು ಸೇರುವ ಹೊಳೆಯಲ್ಲಿ ಇಳಿತವಾಗಿ, ನೆಲ ಬಹುದೂರದವರೆಗೆ ತೆರೆದಿತ್ತು. ಡೇರೆ ಎತ್ತಿದ ಕೂಡಲೇ ಸೀಳಿದ ಕೋಲು ಪೂರ್ತಿ ಮುರಿಯಿತು.

ದಂಡೆಯಿಂದ ಅರವತ್ತು ಹೆಜ್ಜೆ ಒಳಗೆ ಒಂದು ಹೊಂಡದಲ್ಲಿ ನೀರು ನಿಂತಿತ್ತು. ಹೊಂಡದಿಂದ ಎರಡು ಹೆಜ್ಜೆ ಈಚೆಗೆ ಆಳೆತ್ತರದ ಬಿದಿರು ಕೋಲು. ತುದಿಗೆ ಬಣ್ಣ ಹೋದ ಕೆಂಪು ಬಟ್ಟೆ.

“ಯಾರದರ ಇರ್ತದೋ, ಬಿಡು” ಎಂದರು ಭಾವ.

“ಹೊಳಿ ತಂದು ನಿಲ್ಲಿಸಿದ್ದು” ಎಂದೆ ನಾನು.

ಕೀಳಲು ಎರಡು ಸಲ ತಿರುಗಿಸಬೇಕಾಯಿತು. ಬುಡಕ್ಕೆ ಮೂರು ಕಲ್ಲು ಒತ್ತಿ ಕೂರಿಸಿದ್ದರು. ಹೊಲದ ಗಡಿಯ ಬಾಂದುಕಲ್ಲು ಕಿತ್ತವರಿಗೆ ನೋಟಿಸು ಬರೆದೇ ಸಂಬಳ ತಿಂದವನು ನಾನು. ಆ ಮೂರು ಕಲ್ಲು ಕಂಡೆ. ಕಂಡೂ ಕಿತ್ತೆ. ದಣಿದಿದ್ದೆ ಎಂಬುದು ನಿಜ. ಅದು ಕಾರಣವಲ್ಲ ಎಂಬುದೂ ನಿಜ.

ಬೆಳಿಗ್ಗೆ ಆರೂವರೆಯ ಮಬ್ಬಿನಲ್ಲಿ ಹೊರಗೆ ಹೆಂಗಸರ ಮಾತು ಕೇಳಿತು. ಬಳಚು ಹೆಕ್ಕಲು, ಅಂದರೆ ಕೆಸರಿನೊಳಗಿನ ಚಿಪ್ಪುಮೀನು ತೆಗೆಯಲು ಹೊರಟವರು. “ಈ ಕಿತ್ತಳೆ ಬಣ್ಣದ್ದು ಎಂತದೇ?” ಎಂದಳು ಒಬ್ಬಳು. “ದೊಡ್ಡ ಬಳಚು. ಬಾಯಿ ಬಿಟ್ಟ ಮೇಲೆ ಹೆಕ್ಕುವ” ಎಂದಳು ಇನ್ನೊಬ್ಬಳು. ಒಳಗೆ ಮಲಗಿದ್ದ ನಾನು ನಕ್ಕೆ. ಆಗ ಇಳಿತ. ಅವರಿಗೆ ಹೋಗುವಾಗ ನೆಲವೂ ಹೊಂಡವೂ ಕಾಣುತ್ತಿತ್ತು.

ಎಂಟೂಕಾಲಿಗೆ ಅವರು ಹಿಂದಿರುಗುವಾಗ ನೀರು ಏರಿ ನೆಲ, ಹೊಂಡ ಎಲ್ಲ ಒಂದೇ ಆಗಿತ್ತು. ಮೇಲೆ ಮಂಜು. ನಾನು ಚಹಾಕ್ಕೆ ನೀರಿಟ್ಟು ದಂಡೆಯಲ್ಲಿ ನಿಂತಿದ್ದೆ. ಆರು ಮಂದಿ ಸೊಂಟದ ನೀರಿನಲ್ಲಿ ಸಾಲಾಗಿ ಬರುತ್ತಿದ್ದರು. ಪ್ರತಿಯೊಬ್ಬರ ಸೊಂಟಕ್ಕೂ ಹಗ್ಗ, ಹಗ್ಗದ ತುದಿಗೆ ತೇಲುವ ಅಲ್ಯೂಮಿನಿಯಂ ಬೋಗುಣಿ.

ಮುಂದಿನವಳು ನಿಂತಳು. “ಕೋಲ್ ಎಲ್ಲಿ?”

“ಅಲ್ಲೇ ನೋಡೇ, ನಿನ್ನ ಮೂಗಿನ ಎದ್ರಿಗೆ.”

“ಕಾಣ್ತಿಲ್ಲ ಮಾರಾಯ್ತಿ.”

ಮೂರನೆಯವರು, ಎಲ್ಲರಿಗಿಂತ ಹಿರಿಯರು, ಎಡಕ್ಕೆ ಒಂದು ಹೆಜ್ಜೆ ಇಟ್ಟರು. ಕೂಗಲಿಲ್ಲ. ತಲೆ ನೀರಿನೊಳಗೆ ಹೋಯಿತು. ಬೋಗುಣಿ ಒಂದು ಕಡೆ ವಾಲಿ, ಬಳಚು ಸುರಿದು, ಖಾಲಿಯಾಗಿ ತೇಲಿತು. ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಭಾವ ನೀರಿಗೆ ಓಡಿದ್ದು ನೆನಪಿದೆ. ಅವರು ಮುಟ್ಟುವ ಮೊದಲೇ ಹಿಂದಿದ್ದ ನಾಗವೇಣಿ ಎಂಬವಳು ಬೋಗುಣಿ ಹಿಡಿದು, ಹಗ್ಗವನ್ನು ಬಾವಿಯಿಂದ ಕೊಡ ಎಳೆದಂತೆ ಎಳೆದಳು. ಮೊದಲು ಕೂದಲು ಬಂತು, ಆಮೇಲೆ ಮುಖ.

ದಂಡೆಗೆ ತಂದು ಬಗ್ಗಿಸಿದರು. ಮೂರು ಸಲ ನೀರು ಕಾರಿದರು. ಅವರ ಹೆಸರು ಮಾದೇವಿ ಎಂದು ಆಗ ತಿಳಿಯಿತು, ಎಲ್ಲರೂ ಅದೇ ಹೆಸರು ಕೂಗುತ್ತಿದ್ದರಿಂದ.

“ಮರಳು ತೆಗೆದವ್ರು ಹೊಂಡ ಮಾಡಿ ಹೋದ್ರು. ಮಳೆಗಾಲ ಮುಗಿದ ಮೇಲೆ ಈ ಮಾದೇವಕ್ಕನೇ ಇಳಿದು, ಕಾಲಲ್ಲಿ ಅಂಚು ನೋಡಿ ಕೋಲು ನೆಟ್ಟದ್ದು” ಎಂದಳು ನಾಗವೇಣಿ. “ಯಾವ ಹಾಳಾದವ ಕಿತ್ತನೋ!”

ಭಾವ ನನ್ನ ಮೊಣಕೈ ಹಿಡಿದರು. “ಡೇರೆ ಬಿಚ್ಚು. ಹೋಗೂಣು. ಜೀವ ಉಳದೇತಲ್ಲ.” ಕೆಂಪು ಬಟ್ಟೆ ಇನ್ನೂ ಕೋಲಿನಲ್ಲೇ, ಡೇರೆಯ ಒಳಗಿತ್ತು. ಬಿಚ್ಚಿ ಚೀಲಕ್ಕೆ ತುರುಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನೂ ಯೋಚಿಸಿದೆ.

“ನಾನು ಕಿತ್ತೆ” ಎಂದೆ.

“ಎಂತಕ್ಕೆ?”

“ಡೇರೆಗೆ.”

ನಾಗವೇಣಿ ಡೇರೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಒಂದು ರಾತ್ರಿ ನಿಮ್ಮ ಮನೆ ನಿಲ್ಲಿಸ್ಲಿಕ್ಕೆ ಇವಳ ಮನೆ ಬೀಳಿಸ್ತಿದ್ರಲ್ಲ ರಾಯರೇ!”

ಭಾವ ಆಸ್ಪತ್ರೆಗೆ ಹೋಗೋಣ, ಕುಮಟಾದಿಂದ ಕಾರು ತರಿಸುತ್ತೇನೆ ಎಂದರು. ಮಾದೇವಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಮೊದಲ ಸಲ ಮಾತಾಡಿದರು. “ಕಾರು ಬೇಡ. ಇಳಿತ ಆದ ಕೂಡ್ಲೆ ಕೋಲು ನೆಡಿ. ನಾಳೆ ನಾನು ಮತ್ತೆ ಇಳೀಬೇಕು.”

ಗೋಕರ್ಣದ ದಾರಿಗೆ, ಆಚೆ ದಡದ ತದಡಿಗೆ ದಾಟುವ ದೋಣಿ ನಮ್ಮ ಎದುರಿಗೇ ಹೋಯಿತು, ಬಂತು, ಮತ್ತೆ ಹೋಯಿತು. ನಾವು ಹತ್ತಲಿಲ್ಲ. ಇಡೀ ಹಗಲು ನೀರು ಇಳಿಯುವುದನ್ನು ಕಾದೆವು. ಮಾಡಿದ ಅವಲಕ್ಕಿ ಹಾಗೇ ಉಳಿಯಿತು.

ಇಳಿತ ಅಂದು ಮುಕ್ಕಾಲು ಗಂಟೆ ತಡ. ಐದಕ್ಕೆ ನೀರು ಮೊಣಕಾಲಿಗೆ ಇಳಿದಾಗ ಮಾದೇವಿ ಬಂದು ದಂಡೆಯಲ್ಲಿ ಕುಳಿತರು. ನಾಗವೇಣಿ ತನ್ನ ಹಗ್ಗವನ್ನು ನನ್ನ ಸೊಂಟಕ್ಕೆ ಬಿಗಿದಳು. “ನೀವು ತಳ ಹಿಡಿದ್ರೆ ಎಳೀಬೇಕಲ್ಲ.” ನಾನು ಕೋಲು ಹಿಡಿದು ಒಳಗೆ ನಡೆದೆ. ಹಿಂದಿನ ದಿನ ಕಿತ್ತ ಜಾಗ ಗೊತ್ತಿದೆ ಎಂದುಕೊಂಡಿದ್ದೆ. ನೀರಿನಡಿ ಯಾವ ಗುರುತೂ ಇರಲಿಲ್ಲ.

“ಕಾಲು ಎತ್ತಬೇಡಿ, ಜಾರಿಸಿ” ಎಂದು ಮಾದೇವಿ ಕೂಗಿದರು. “ಬಲಕ್ಕೆ. ಇನ್ನೂ.”

ಬಲಗಾಲಿನ ಕೆಳಗೆ ಗಟ್ಟಿ ಮರಳಿತ್ತು. ಇನ್ನೊಂದು ಗೇಣು ಜಾರಿಸಿದೆ. ಬೆರಳ ತುದಿಗೆ ಏನೂ ಇರಲಿಲ್ಲ, ತಣ್ಣನೆಯ ನೀರು ಮಾತ್ರ.

“ಸಿಕ್ತಾ?”

“ಸಿಕ್ತು.”

“ಎರಡು ಹೆಜ್ಜೆ ಹಿಂದೆ ಬನ್ನಿ. ಅಲ್ಲಿ.”

ನೆಟ್ಟೆ. ನೀರಿಗೆ ಕೈಹಾಕಿ ತಡಕಾಡಿ, ಸಿಕ್ಕಿದ ಎರಡು ಕಲ್ಲು ಒತ್ತಿದೆ. ಮೂರನೆಯದನ್ನು ದಂಡೆಯಿಂದ ತಂದೆ. ಕೆಂಪು ಬಟ್ಟೆ ಕೈಯಲ್ಲೇ ಹರಿದುಹೋಗಿತ್ತು. ಭಾವ ಚಾಕು ತೆಗೆದು ಡೇರೆಯ ಬಾಗಿಲನ್ನು ಉದ್ದಕ್ಕೆ ಕೊಯ್ದು ಕೊಟ್ಟರು. “ಇನ್ನ ಅದರಾಗ ನಾ ಮಲಗೂದಿಲ್ಲ” ಎಂದರು.

ಆ ರಾತ್ರಿ ದೋಣಿ ಇಡುವ ಚಪ್ಪರದ ಕೆಳಗೆ ಒರಗಿದೆವು. ಬೆಳಿಗ್ಗೆ ಹೆಂಗಸರು ಹೋದರು. ಮಾದೇವಿಯೂ ಹೋದರು. ಒಂಬತ್ತಕ್ಕೆ ನೀರು ಏರಿದಾಗ ಮಂಜಿನಲ್ಲಿ ಕೋಲಿಗೆ ಕಟ್ಟಿದ ಕಿತ್ತಳೆ ಪಟ್ಟಿಯೊಂದೇ ಕಾಣುತ್ತಿತ್ತು. ಅದರ ಕಡೆಗೆ ಸಾಲು ಬಂತು. ಈ ಸಲ ಎಲ್ಲರಿಗಿಂತ ಮುಂದೆ ಮಾದೇವಿ. ಕೋಲಿನ ಬಳಿ ನಿಂತು, ಎರಡೂ ಕೈಯಿಂದ ಹಿಡಿದು ಅಲುಗಿಸಿದರು. ಇನ್ನೊಮ್ಮೆ ಅಲುಗಿಸಿದರು. ಆಮೇಲೆ ದಂಡೆಯ ಕಡೆಗೆ ತಿರುಗಿದರು.

ಆರು ಬೋಗುಣಿಗಳೂ ದಂಡೆ ಮುಟ್ಟಿದ ಮೇಲೆ ನಾವು ಚೀಲ ಹೊತ್ತು ಕುಮಟಾ ಬಸ್ಸಿನ ಕಡೆ ನಡೆದೆವು. ಗೋಕರ್ಣ ಹೊಳೆಯ ಆಚೆಗೇ ಉಳಿಯಿತು. ತಿರುವಿನಲ್ಲಿ ನಿಂತು ಹಿಂದೆ ನೋಡಿದಾಗ ನನ್ನ ಕಣ್ಣು ಹುಡುಕಿದ್ದು ಗೋಕರ್ಣವನ್ನಲ್ಲ, ಕಿತ್ತಳೆ ಪಟ್ಟಿಯನ್ನು.